ಹೊಸ್ತಿಲಿನ ತೂತು

ಹೊರಗಿನಿಂದ ಯಾರೂ ತೆರೆಯಲಾಗದ ಬಾಗಿಲೊಂದನ್ನು ನಾನೇ ಕೈಯಾರೆ ಕೂಡಿಸಿದ್ದೆ. ಒಂದು ಮಧ್ಯಾಹ್ನ ಅದರ ಹೊರಗೆ ನಾನೇ ನಿಂತಿದ್ದೆ. ಒಳಗೆ, ಹೊಗೆಯ ನಡುವೆ, ನಮ್ಮವ್ವ ಇದ್ದಳು. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಕೇಳಿದವರಿಗೆಲ್ಲ ಬಾಯಿಗೆ ಬಂದದ್ದನ್ನು ಹೇಳಿದ್ದೇನೆ, ನಿಜಕ್ಕೂ ನನಗೆ ಗೊತ್ತಿಲ್ಲ. ಆ ಬಾಗಿಲಿನ ಒಂದೊಂದು ತಿರುಪೂ ಎಲ್ಲಿದೆ ಎಂದು ಮಾತ್ರ ಗೊತ್ತಿತ್ತು. ಗೊತ್ತಿದ್ದೂ ಏನೂ ಮಾಡಲಾಗದೆ ನಿಲ್ಲುವ ಸಂಕಟ ಶತ್ರುವಿಗೂ ಬೇಡ.

ನನ್ನದು ಬಾಗಿಲು, ಬೀಗದ ಕೆಲಸ. ಕೊಯಮತ್ತೂರಿನಲ್ಲಿ ಒಂಬತ್ತು ವರ್ಷ ಆಸ್ಪತ್ರೆಗಳಿಗೆ, ಸಿನಿಮಾ ಹಾಲುಗಳಿಗೆ, ಮೂರು ನಾಲ್ಕು ಅಂತಸ್ತಿನ ಜವಳಿ ಅಂಗಡಿಗಳಿಗೆ ತುರ್ತು ಬಾಗಿಲು ಕೂಡಿಸಿ, ಸಾಕಾಗಿ ಬೆಟ್ಟಕ್ಕೆ ವಾಪಸು ಬಂದು ತಾಳವಾಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ನನಗೆ ಬಾಯಿ ಜೋರು, ತಾಳ್ಮೆ ಕಮ್ಮಿ. ಕೆಲಸ ಗೊತ್ತಿಲ್ಲದವರು ಸಲಹೆ ಕೊಟ್ಟರೆ ಮೈಯೆಲ್ಲ ಉರಿಯುತ್ತದೆ. ನಮ್ಮ ಬೆಟ್ಟದಲ್ಲಿ ಸಲಹೆಗೆ ಬರವೇ ಇಲ್ಲ. ಒಂದು ಕಿಟಕಿಗೆ ಸರಳು ಹಾಕಲು ಹೋದರೆ ಗೆಟ್ಟವಾಡಿಯಿಂದ ಚಾಮರಾಜನಗರಕ್ಕೆ ಬಸ್ಸಿಗೆ ನಿಂತವರೂ ಬಂದು ಅಳತೆ ಹೇಳಿ ಹೋಗುತ್ತಾರೆ.

ತುರ್ತು ಬಾಗಿಲಿನ ವಿಷಯ ಇಷ್ಟು. ಮಾಮೂಲಿ ಬೀಗಕ್ಕೆ ಕೀಲಿಕೈ ಬೇಕು. ಚಿಲಕಕ್ಕೆ ಬೆಳಕು ಬೇಕು, ನಿಧಾನ ಬೇಕು. ಈ ಬಾಗಿಲಿಗೆ ಇದ್ಯಾವುದೂ ಬೇಕಾಗಬಾರದು. ಸೊಂಟದ ಎತ್ತರದಲ್ಲಿ, ಬಾಗಿಲಿನ ಅಗಲಕ್ಕೂ, ಒಂದು ಅಡ್ಡಪಟ್ಟಿ ಇರುತ್ತದೆ. ಅಂಗಡಿಯವರು ಅದಕ್ಕೆ ಪ್ಯಾನಿಕ್ ಬಾರ್ ಅನ್ನುತ್ತಾರೆ. ಹೆದರಿ ಓಡಿ ಬಂದವನು ಕೈಯಲ್ಲಿ ಒತ್ತಬೇಕೆಂದೇನಿಲ್ಲ, ಮೈ ಹಾಕಿದರೂ ಸಾಕು, ಪಟ್ಟಿ ಒಳಕ್ಕೆ ಹೋಗುತ್ತದೆ. ಆಗ ಒಳಗಿನ ಸಣ್ಣ ಸನ್ನೆಕೋಲು ತಿರುಗಿ, ಮೇಲೆ ಚೌಕಟ್ಟಿಗೆ ಹೊಕ್ಕಿರುವ ಸರಳು ಕೆಳಗಿಳಿಯುತ್ತದೆ, ಕೆಳಗೆ ನೆಲದ ತೂತಿಗೆ ಹೊಕ್ಕಿರುವ ಸರಳು ಮೇಲೇಳುತ್ತದೆ. ಎರಡೂ ಬಿಟ್ಟವೆಂದರೆ ಬಾಗಿಲು ಹೊರಕ್ಕೆ ತೆರೆದುಕೊಳ್ಳುತ್ತದೆ. ಒಳಕ್ಕೆ ತೆರೆಯುವ ಬಾಗಿಲನ್ನು ಇಂಥ ಕಡೆ ಇಡಲೇಬಾರದು. ಹಿಂದಿನವರು ಮುಂದಿನವರ ಬೆನ್ನ ಮೇಲೆ ಬಿದ್ದಿರುವಾಗ ಯಾರು ಎಳೆದು ತೆಗೆದಾರು?

ನಮ್ಮೂರಿನವರು ಸೇರಿ ಕಟ್ಟಿದ ಮದುವೆ ಮಂಟಪಕ್ಕೆ ಇಂಥದೊಂದು ಬಾಗಿಲು ಬೇಕಾಯಿತು. ಊಟದ ಹಾಲಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಅಡುಗೆಮನೆಯ ಪಕ್ಕಕ್ಕೇ. ಕಿಟಕಿಗಳಿಗೆಲ್ಲ ಕೋತಿ ನುಗ್ಗದ ಹಾಗೆ ಒತ್ತೊತ್ತಾಗಿ ಸರಳು. ದಿಂಬಂ ಘಾಟಿ ಹತ್ತಿ ಬಂದ ಅಗ್ನಿಶಾಮಕದ ಆಫೀಸರು ಒಂದು ಸುತ್ತು ಹಾಕಿ, ತಮಿಳಿನಲ್ಲಿ, "ಇನ್ನೊರು ವಳಿ ಇಲ್ಲಾಮ ಲೈಸೆನ್ಸ್ ಕಿಡೈಕಾದು" ಅಂದು ಜೀಪು ಹತ್ತಿಬಿಟ್ಟರು. ಇನ್ನೊಂದು ದಾರಿ ಇಲ್ಲದೆ ಲೈಸೆನ್ಸ್ ಇಲ್ಲ. ಆ ಇನ್ನೊಂದು ದಾರಿಗೆ ಜಾಗವಿದ್ದದ್ದು ಹಿಂದಿನ ಗೋಡೆಯಲ್ಲಿ ಮಾತ್ರ. ಹಿಂದೆ ನಾಲ್ಕು ಮಾರು ಜಾಗ, ಆಮೇಲೆ ಆನೆ ಕಂದಕ, ಅದರಾಚೆ ಕಾಡು.

ಊರಿನ ಯಜಮಾನರು ನನಗೆ ವರಸೆಯಲ್ಲಿ ದೊಡ್ಡಪ್ಪನಾಗಬೇಕು. ಕೇಳಿದ್ದೇ ತಡ ಅಂಗಡಿಗೇ ಬಂದರು.

"ಕಾಡ್ನ ಕಡೀಕ ಬಾಗ್ಲ ಬುಡ್ತಿಯೇನ್ಲಾ? ನಮ್ಮಪ್ಪನ ಕಾಲ್ದಿಂದ ಯಾರಾರ ಬುಟ್ಟವ್ರ? ಅನ್ನದ ವಾಸ್ನೆಗ ಆನೆ ಬಂದು ಸೊಂಡ್ಲಾಕಿ ಎಳುದ್ರ ಏನ್ ಮಾಡಿಯೇ?"

"ಎಳೆಯಾಕ ಏನಾರ ಇದ್ರ ತಾನೇ ದೊಡ್ಡಪ್ಪ" ಅಂದೆ. "ವರಗಡ ಇಡಿ ಇಲ್ಲ, ಕೊಂಡಿ ಇಲ್ಲ, ಬೆರಳಾಕಕೂ ಸಂದಿಲ್ಲ. ಬರೀ ಉಕ್ಕಿನ ತಗಡು. ಒಳ್ಗಿಂದ ಒತ್ತುದ್ರ ಮಾತ್ರ ತಗೀತದ."

ಅದನ್ನು ಹೇಳುವಾಗ ನನಗೆ ಎಷ್ಟು ಹೆಮ್ಮೆ! ಬಾಗಿಲಿನ ಅಂಚಿಗೆ, ಚೌಕಟ್ಟಿನ ಸಂದು ಮುಚ್ಚುವ ಹಾಗೆ, ಇನ್ನೊಂದು ಉಕ್ಕಿನ ಪಟ್ಟಿಯನ್ನೂ ಬೆಸೆದೆ. ಆನೆಯ ದಂತವಲ್ಲ, ಹಾರೆಯ ಮೊನೆಯೂ ಆ ಸಂದಿಗೆ ಹೋಗುವ ಹಾಗಿರಲಿಲ್ಲ. ಜೀರಹಳ್ಳಿ ಕಡೆಯಿಂದ ಬರುವ ಒಂಟಿ ಸಲಗವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಬಾಗಿಲು ಅದು. ಮುಂದೊಂದು ದಿನ ಅದೇ ಸಂದಿಗೆ ಉಗುರು ಹಾಕಲು ನಾನೇ ಒದ್ದಾಡುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಬಾಗಿಲು ನಿಂತಿತು. ಯಜಮಾನರು ಬಂದು ನೋಡಿದರು. ಮೇಲೆ ನೋಡಿದರು, ಪಕ್ಕ ನೋಡಿದರು, ಕೊನೆಗೆ ಕೆಳಗೆ ನೋಡಿ ಅಲ್ಲೇ ನಿಂತುಬಿಟ್ಟರು.

"ಒಸ್ಲೆಲ್ಲಲಾ?"

ಈ ಬಾಗಿಲಿಗೆ ಹೊಸ್ತಿಲು ಇರಬಾರದು, ನೆಲಕ್ಕೆ ಸಮನಾಗಿರಬೇಕು, ಗಾಬರಿಯಲ್ಲಿ ಓಡುವವರು ಎಡವಿ ಬೀಳುತ್ತಾರೆ ಎಂದು ವಿವರಿಸಿದೆ. ಅವರು ನಾನು ಹುಚ್ಚನೋ ಎಂಬಂತೆ ನೋಡಿದರು. "ಒಸ್ಲಿಲ್ದೇ ಇದ್ರ ಅದು ಬಾಗ್ಲಾದದಾ? ದನದ ಕೊಟ್ಗಗೂ ಒಸ್ಲದ. ಯಾರ್ಲಾ ಇಲ್ಲಿ ಎಣ್ಣ್ ಧಾರೆ ಎರ್ದು ಕೊಟ್ಟಾರು?" ಮೂರು ದಿನ ಜಗಳವಾಡಿದೆ. ನಾಲ್ಕನೆಯ ದಿನ ಅವರ ತೋಟದ ಹಲಸಿನ ಹಲಗೆ ಗಾಡಿಯಲ್ಲಿ ಬಂದು ಮಂಟಪದ ಮುಂದೆ ಇಳಿಯಿತು. ಕೆಲಸದ ವಿಷಯದಲ್ಲಿ ಯಾರಿಗೂ ಬಗ್ಗದವನು ಅವತ್ತು ಬಗ್ಗಿದೆ. ಊರಿನಲ್ಲೇ ಬಾಳಬೇಕಲ್ಲ.

ಎತ್ತರ ಎರಡು ಬೆರಳಿಗಿಂತ ಹೆಚ್ಚಿಲ್ಲದ ಹಾಗೆ ಹೊಸ್ತಿಲು ಕೂಡಿಸಿದೆ. ಒಳಗಡೆ ಒಂದು ಗೇಣು ಅಗಲ. ಹೊರಗೆ ಮಳೆನೀರು ತಾಗದಿರಲೆಂದು ಬಾಗಿಲಿನ ಅಡಿಯಲ್ಲೇ ಹಲಗೆ ಮುಗಿಯುವ ಹಾಗೆ ಮಾಡಿದೆ. ಕೆಳಗಿನ ಸರಳಿಗೆ ಆ ಹಲಗೆಯಲ್ಲೇ ತೂತು ಕೊರೆದೆ. ಸರಳು ಸಲೀಸಾಗಿ ಏಳಲಿ ಎಂದು ತೂತನ್ನು ಸರಳಿಗಿಂತ ಬೇಕೆಂದೇ ಸ್ವಲ್ಪ ದೊಡ್ಡದು ಮಾಡಿದೆ. ತೂತಿನೊಳಗೆ ಕೂರಿಸಲು ಒಂದು ಲೋಹದ ಬಟ್ಟಲು ಡಬ್ಬಿಯಲ್ಲೇ ಬಂದಿತ್ತು. ಸಿಮೆಂಟಿನ ನೆಲಕ್ಕೆಂದು ಮಾಡಿದ್ದು, ಮರಕ್ಕೆ ಒಗ್ಗಲಿಲ್ಲ. ಆಮೇಲೆ ನೋಡೋಣವೆಂದು ಅಂಗಡಿಯ ಗೂಡಿಗೆ ಎಸೆದೆ. ತೂತಿಗೂ ಹಲಗೆಯ ಹೊರ ಅಂಚಿಗೂ ನಡುವೆ ಉಳಿದದ್ದು ಒಂದು ಬೆರಳಗಲ ಮರ ಮಾತ್ರ. ಅದೂ ಸರಿಯಾದ ಕೆಲಸವಲ್ಲ. ನನಗೆ ಗೊತ್ತಿತ್ತು, ಸಿಟ್ಟಿನಲ್ಲಿ ಹಾಗೇ ಬಿಟ್ಟೆ.

ಕೆಲಸ ಮುಗಿದ ದಿನ ಊರಿನ ಹಿರಿಯರನ್ನೆಲ್ಲ ಕರೆದು ತೋರಿಸಿದೆ. ಹದಿನೈದು ಇಪ್ಪತ್ತು ಗಂಡಸರು. ಕೈಯಲ್ಲಿ ಒತ್ತಿ ತೋರಿಸಿದೆ, ಮೊಣಕೈಯಲ್ಲಿ, ಬೆನ್ನಲ್ಲಿ, ಸೊಂಟದಲ್ಲಿ ಒತ್ತಿ ತೋರಿಸಿದೆ. ಸರಳು ಎಲ್ಲಿ ಹೋಗುತ್ತದೆ, ತೂತು ಯಾಕೆ ಸಡಿಲವಾಗಿದೆ, ತಿಂಗಳಿಗೊಮ್ಮೆ ಯಾಕೆ ಒತ್ತಿ ನೋಡಬೇಕು, ಎಲ್ಲ ಹೇಳಿದೆ. ಬಾಗಿಲ ಮೇಲಿನ ಹಸಿರು ಬೋರ್ಡಿನಲ್ಲಿ ಓಡುತ್ತಿರುವ ಮನುಷ್ಯನ ಚಿತ್ರ ನೋಡಿ ಒಬ್ಬರು, "ಇವ್ನು ಪಂಚೆ ಬುಟ್ಟು ಓಡ್ತಾವ್ನಲ್ಲಾ" ಅಂದರು. ಎಲ್ಲರೂ ನಕ್ಕೆವು. ಆಗ ಅವ್ವ ಹಾಲಿನ ಆ ಕೊನೆಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಮಂಟಪದ ಕಸ ತೆಗೆದು ನೆಲ ಸಾರಿಸುವುದು ಅವಳು ಒಪ್ಪಿಕೊಂಡಿದ್ದ ಸೇವೆ. ಶಿವನ ಹೆಸರಿನಲ್ಲಿ ಪ್ರತಿ ಸೋಮವಾರ, ಜೊತೆಗೆ ಮದುವೆಯ ಹಿಂದಿನ ದಿನ. ಅವಳು ಕಸ ಗುಡಿಸುತ್ತ ಹತ್ತಿರ ಬಂದಾಗ ನಾನು, "ಅವ್ವ, ಇವ್ರೆಲ್ಲ ಓಗ್ಲಿ ತಡಿ, ಧೂಳ ಎಬ್ಬುಸ್ಬ್ಯಾಡ" ಅಂದೆ. ಅವಳು ಹಿಂದಕ್ಕೆ ಹೋದಳು.

ತಿಂಗಳಿಗೊಮ್ಮೆ ಯಾರೂ ಒತ್ತಿ ನೋಡಲಿಲ್ಲ. ಕಾಡಿನ ಕಡೆಯ ಬಾಗಿಲನ್ನು ಸುಮ್ಮಸುಮ್ಮನೆ ತೆಗೆಯುವುದು ಬೇಡ ಎಂದು ಯಜಮಾನರು ಅಂದರಂತೆ. ನಾನಾದರೂ ಹೋಗಿ ನೋಡಬಹುದಿತ್ತು. ಅಂಗಡಿಯಿಂದ ಮಂಟಪಕ್ಕೆ ಒಂದು ಬೀಡಿ ಸೇದುವಷ್ಟು ದಾರಿ.

ಅವತ್ತು ನಮ್ಮ ನೆಂಟರ ಪೈಕಿಯದೇ ಮದುವೆ. ಧಾರೆ ಮುಗಿದು ಊಟ ಶುರುವಾಗಿತ್ತು. ಗಂಡಸರ ಪಂಕ್ತಿಗಳು ಎದ್ದಮೇಲೆ ಹೆಂಗಸರ ಕೊನೆಯ ಪಂಕ್ತಿ ಕೂತಿತು. ಬೆಳಗಿನಿಂದ ನೀರು ಹೊತ್ತು, ಎಲೆ ತೊಳೆದು, ಬಡಿಸಿ ದಣಿದವರು ಅವರು. ಮೂವತ್ತು ನಲವತ್ತು ಜನ ಇದ್ದಿರಬಹುದು. ನಾನು ಮಂಟಪದ ಹಿಂದೆ ಕಂದಕದ ದಿಣ್ಣೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

ಮೊದಲು ಕೇಳಿಸಿದ್ದು ಅಡುಗೆಯವರ ಕೂಗು. ಗ್ಯಾಸಿನ ಟ್ಯೂಬು ಸಿಲಿಂಡರಿನ ಬಾಯಲ್ಲಿ ಕಿತ್ತು ಬೆಂಕಿ ಹತ್ತಿಕೊಂಡಿತ್ತು. ಪಕ್ಕದಲ್ಲಿದ್ದ ಹಪ್ಪಳದ ಎಣ್ಣೆಯ ಬಾಣಲೆ ಉರುಳಿ, ಬೆಂಕಿ ನೆಲದ ಮೇಲೆ ಹರಿದು ಊಟದ ಹಾಲಿನ ಬಾಗಿಲಿಗೇ ಅಡ್ಡ ಬಂತು. ನಾನು ಓಡಿ ಮುಂದಕ್ಕೆ ಬಂದಾಗ ಆ ಬಾಗಿಲಿನ ಜಾಗದಲ್ಲಿ ಕಂಡದ್ದು ಕಪ್ಪು ಹೊಗೆ, ಅದರ ಬುಡದಲ್ಲಿ ಕೆಂಪು ಬೆಂಕಿ. ಗಂಡಸರು ಗೋಣಿಚೀಲ ನೆನೆಸಿ ಎಸೆಯುತ್ತಿದ್ದರು. ಹತ್ತಿರ ಹೋದವರು ಮುಖ ಮುಚ್ಚಿಕೊಂಡು ಹಿಂದಕ್ಕೆ ಬರುತ್ತಿದ್ದರು.

"ಎಣ್ಣೈಕ್ಳು ಒಳಗವ್ರ!" ಎಂದು ಯಜಮಾನರು ಎದೆ ಬಡಿದುಕೊಂಡರು.

"ಇಂದ್ಗಡ ಬಾಗ್ಲದ ದೊಡ್ಡಪ್ಪ, ಬಂದೇ ಬತ್ತಾರ" ಅಂದೆ. ಅನ್ನುವಾಗ ನನ್ನ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. ನನ್ನ ಕೆಲಸದ ಮೇಲೆ ಅಷ್ಟು ನಂಬಿಕೆ. ಹಿಂದಕ್ಕೆ ಓಡಿದೆ, ತೆರೆದ ಬಾಗಿಲಿನಿಂದ ಕೆಮ್ಮುತ್ತ ಇಳಿಯುವ ಹೆಂಗಸರಿಗೆ ಕೈ ಕೊಡೋಣವೆಂದು.

ಬಾಗಿಲು ಮುಚ್ಚಿಯೇ ಇತ್ತು.

ಒಳಗಿನಿಂದ ಕೈಗಳು ಬಡಿಯುವ ಸದ್ದು, ಕಿರುಚಾಟ, ಕೆಮ್ಮು. ನಾನು ತಗಡಿಗೆ ಬಾಯಿ ಇಟ್ಟು ಕೂಗಿದೆ: "ಬಾಗ್ಲ ಬಡೀಬ್ಯಾಡಿ! ಅಡ್ಡಪಟ್ಟಿ ಒತ್ತಿ! ಮೈಯಾಕಿ ಒತ್ತಿ!"

ಪಟ್ಟಿ ಒತ್ತಿದ ಸದ್ದು ಬಂತು. ಮೇಲಿನ ಸರಳು ಟಕ್ಕೆಂದು ಬಿಟ್ಟದ್ದು ಕಿವಿಗೆ ಕೇಳಿಸಿತು. ಬಾಗಿಲಿನ ಮೇಲಂಚು ಒಂದು ಬೆರಳಷ್ಟು ಹೊರಕ್ಕೆ ಬಂದು, ಆ ಸಂದಿನಿಂದ ಹೊಗೆ ಸುರಿಯತೊಡಗಿತು. ಕೆಳಗೆ ಒಂದು ಕೂದಲಿನಷ್ಟೂ ಅಲುಗಲಿಲ್ಲ. "ಇನ್ನೊಂದ್ ಸಲ!" ಅಂದೆ. ಒತ್ತಿದರು. ಮೇಲೆ ಸಂದು, ಕೆಳಗೆ ಬಂಡೆ. ಕೆಳಗಿನ ಸರಳು ಮೇಲೇಳುತ್ತಿಲ್ಲ ಎಂದು ಗೊತ್ತಾಯಿತು.

ಮೇಲಿನ ಸಂದಿಗೆ ಎರಡು ಕೈಯ ಬೆರಳೂ ಹಾಕಿ ಜಗ್ಗಿದೆ. ಉಕ್ಕಿನ ಅಂಚು ಬೆರಳು ಸೀಳಿತೇ ಹೊರತು ಬಾಗಿಲು ಬರಲಿಲ್ಲ. ಹಿಡಿಯಲು ಕೊಂಡಿಯಿಲ್ಲ, ಕೆಳಗೆ ಮೀಟಲು ಜಾಗವಿಲ್ಲ. ಆನೆಗೆಂದು ಮುಚ್ಚಿದ್ದೆಲ್ಲ ನನಗೇ ಮುಚ್ಚಿತ್ತು. ಯಾರೋ ಹಾರೆ ತರಲು ಹೊಲದ ಕಡೆ ಓಡಿದರು. ಹೊಲ ದೂರವಿತ್ತು, ನನ್ನ ಅಂಗಡಿಗೆ ಓಡಿ ಬರುವಷ್ಟು ಹೊತ್ತೂ ಇರಲಿಲ್ಲ. ತಂದರೂ ಅದರ ಮೊನೆ ಕೆಳಗಿನ ಸಂದಿಗೆ ಹೋಗುವುದಿಲ್ಲ ಎಂದು ಅವರಿಗೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

"ಅವ್ವಾ!" ಎಂದು ಕೂಗಿದೆ. "ಅವ್ವಾ, ಇದ್ದೀಯಾ?"

"ಇವ್ನಿ ಕಣ ಮಗ." ದನಿ ಬಾಗಿಲಿಗೆ ಅಂಟಿಕೊಂಡಂತೆ ಹತ್ತಿರದಲ್ಲೇ ಇತ್ತು. "ಏನೂ ಕಾಣ್ನಿಲ್ಲ. ಉಸ್ರು ಕಟ್ತದ."

"ಎಲ್ರೂ ಕುಂತ್ಕಳಿ. ಸೆರಗ ನೆನ್ಸಿ ಮೂಗ್ಗ ಇಟ್ಕಳಿ. ನೀರದಾ?"

"ಕುಡಿಯಾಕ ಮಡಗಿದ್ದದ."

"ಕೆಳ್ಗಡ ಸರಳು ತೂತ್ಗ ಓಗದಲ್ಲ ಅವ್ವ, ಅಲ್ಲಿ ಕೈಯಾಡ್ಸಿ ನೋಡು. ಏನಾರ ಸಿಕ್ಕಂಡುದಾ?"

ಒಂದೆರಡು ಉಸಿರಿನಷ್ಟು ಹೊತ್ತು ಅವಳ ಕೆಮ್ಮು ಮಾತ್ರ ಕೇಳಿಸಿತು. "ಗಟ್ಟ್ಯಾಗ್ಬುಟ್ಟುದ" ಅಂದಳು. "ಕಲ್ಲಾಗ್ಬುಟ್ಟುದ ಕಣ." ಅವಳ ದನಿ ಯಾಕೆ ಹಾಗೆ ಒಡೆಯಿತು ಎಂದು ಆಗ ನನಗೆ ಅರ್ಥವಾಗಲಿಲ್ಲ. ಹೊಗೆ ಅಂದುಕೊಂಡೆ.

ಆಗ ನೆನಪಾಯಿತು, ತೂತಿಗೂ ಹೊರ ಅಂಚಿಗೂ ನಡುವಿನ ಒಂದು ಬೆರಳಗಲ ಮರ. ಹಲಸಿನ ಎಳೆ ಹೊಸ್ತಿಲಿನ ಉದ್ದಕ್ಕೇ ಹರಿದಿತ್ತು. ಸರಿಯಾದ ಜಾಗಕ್ಕೆ ಒಳಗಿನಿಂದ ಪೆಟ್ಟು ಬಿದ್ದರೆ ಅಷ್ಟು ಮರ ಸೀಳಿ, ಸರಳು ತೂತಿನಲ್ಲಿರುವ ಹಾಗೆಯೇ ಹೊರಕ್ಕೆ ಬಂದುಬಿಡುತ್ತದೆ. ನನ್ನ ಕೆಟ್ಟ ಕೆಲಸವೊಂದೇ ಈಗ ಉಳಿದ ದಾರಿ.

"ಅವ್ವ, ಯಾರಾರ ಇಬ್ರು ಪಟ್ಟಿ ಒತ್ತಿ ಇಡ್ಕಳ್ಲಿ. ಇನ್ನೊಬ್ರು ಬಾಗ್ಲ ಬುಡ್ಕ ಒದಿರಿ. ಒಸ್ಲ ಮ್ಯಾಲ ಒಂದ್ ಕಾಲೂರಿ, ಇನ್ನೊಂದ್ ಕಾಲ್ನ ಇಮ್ಮಡಿಲಿ, ಜೋರಾಗಿ."

ಒಳಗೆ ಗದ್ದಲ ಸಟ್ಟನೆ ತಗ್ಗಿತು. ಯಾರೂ ಒದೆಯಲಿಲ್ಲ. ಅವತ್ತು ಬೆಳಿಗ್ಗೆ ತಾನೇ ಆ ಹೊಸ್ತಿಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂ ಇಟ್ಟು ಕೈಮುಗಿದಿದ್ದರು. ನಮ್ಮ ಕಡೆ ಹೊಸ್ತಿಲನ್ನು ದಾಟುವುದೇ ಹೊರತು ತುಳಿಯುವುದಿಲ್ಲ. ಮಕ್ಕಳು ಮರೆತು ಮೇಲೆ ನಿಂತರೆ ಕಿವಿ ಹಿಂಡಿ ಇಳಿಸುತ್ತಾರೆ. ನನ್ನ ಕಿವಿಯನ್ನು ಅದಕ್ಕಾಗಿ ಎಷ್ಟು ಸಲ ಹಿಂಡಿದ್ದಳೋ ನಮ್ಮವ್ವ.

"ಒಸ್ಲ ಒದಿಯದಾ?" ಎಂದು ಒಳಗೆ ಯಾವುದೋ ಎಳೆಯ ದನಿ ಅಳುತ್ತ ಕೇಳಿತು. "ಮದ್ವ ದಿನ್ವೇ? ಲಚ್ಮಿ ಅಲ್ವಾ ಅತ್ತೆ ಅದು?"

ನನ್ನ ತಾಳ್ಮೆ ಕೆಟ್ಟಿತು. "ನಿಮ್ಮ ಪೂಜೆಗ ಬೆಂಕಿ ಬೀಳ! ಸತ್ತೋಯ್ತೀರಿ ಅಲ್ಲೇ! ಒದಿಯವ್ವ, ಒದಿ!" ಎಂದು ಅರಚಿದೆ. ಹೆತ್ತವಳಿಗೆ ಆಡಬಾರದ ಇನ್ನೂ ಎರಡು ಮಾತು ಆಡಿದೆ. ಅವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಅವಳು ಕೇಳಿಸಿಕೊಂಡಳೋ ಇಲ್ಲವೋ. "ಸರೀರಿ ಅತ್ಲಾಗ" ಎಂದು ಅವಳು ಉಳಿದವರಿಗೆ ಹೇಳಿದ್ದು ಕೇಳಿಸಿತು. "ನೀವೆಲ್ಲ ಬಾಳಿ ಬದ್ಕಬೇಕಾದೋರು. ನೀವ್ ಮುಟ್ಬ್ಯಾಡಿ. ಪಾಪ ನನ್ಗೇ ಇರ್ಲಿ." ಆಮೇಲೆ ನನಗೆ, "ಎಲ್ಲಿ ಮಗ? ಕಣ್ಣು ಕಾಣ್ನಿಲ್ಲ. ಎಲ್ಲಿ ಒದಿಲಿ?"

ನಾನು ನೆಲಕ್ಕೆ ಕೂತು, ಒಂದು ಕಲ್ಲು ತೆಗೆದುಕೊಂಡು, ಬಾಗಿಲಿನ ಬಲಮೂಲೆಯಿಂದ ಒಂದು ಗೇಣು ಈಚೆಗೆ ತಗಡನ್ನು ಬಡಿದೆ. "ನಾನ್ ಬಡಿಯೋ ಕಡ ಒದಿ ಅವ್ವ. ಸದ್ದ ಇಡ್ದು ಒದಿ."

ಮೊದಲನೆಯ ಪೆಟ್ಟು ಮೇಲೆ ಬಿತ್ತು. "ಕೆಳ್ಗ!" ಅಂದೆ, ಬಡಿದೆ. ಎರಡನೆಯದು ಎಡಕ್ಕೆ ಹೋಯಿತು. ನಾನು ಬಿಡದೆ ಬಡಿಯುತ್ತಲೇ ಇದ್ದೆ. ಮೂರನೆಯದು ಸರಿಯಾಗಿ ನನ್ನ ಕಲ್ಲಿನ ಎದುರಿಗೇ ಬಿತ್ತು, ಕೈಯಲ್ಲಿದ್ದ ಕಲ್ಲು ನಡುಗಿತು. ಬರಿಗಾಲಿನ ಹಿಮ್ಮಡಿ ಉಕ್ಕಿಗೆ ಬೀಳುವ ಸದ್ದು ಅದು. "ಅಲ್ಲೇ ಅವ್ವ, ಅಲ್ಲೇ!" ನಾನು ಬಡಿಯುವುದು, ಅವಳು ಒದೆಯುವುದು. ಪ್ರತಿ ಒದೆತಕ್ಕೂ ಅವಳು "ಶಿವ್ನೇ" ಅನ್ನುತ್ತಿದ್ದಳು. ನಾಲ್ಕೋ ಐದೋ ಆದಮೇಲೆ ಸದ್ದು ನಿಂತಿತು. ಕೆಮ್ಮೂ ನಿಂತಿತು. ಸುಮ್ಮನೆ ಬಡಿದೆ, ಬಡಿದೆ, ಅಲ್ಲೇ ಒಂದು ಕಡೆ ಬಡಿಯುತ್ತಲೇ ಇದ್ದೆ.

ಇನ್ನೊಂದು ಒದೆತ ಬಿತ್ತು. ಒಣ ಸೌದೆ ಸೀಳುವಂಥ ಸದ್ದಾಯಿತು. ನೆಲಕ್ಕೆ ಕೂತಿದ್ದ ನನ್ನ ಭುಜಕ್ಕೆ ಬಾಗಿಲು ಬಡಿದು, ನಾನು ಹಿಂದಕ್ಕೆ ಉರುಳಿದೆ. ನನ್ನ ಮೇಲಿಂದಲೇ ಹೊಗೆ ಬಂತು, ಹೆಂಗಸರು ಬಂದರು, ಮಕ್ಕಳನ್ನು ಕಂಕುಳಿಗೆ ಅವುಚಿಕೊಂಡವರು ಬಂದರು. ಒಬ್ಬರೂ ಎಡವಲಿಲ್ಲ. ಅವ್ವ ಎಲ್ಲರ ಕೊನೆಗೆ, ಚೌಕಟ್ಟು ಹಿಡಿದುಕೊಂಡು, ಒಂದೇ ಕಾಲಿನ ಮೇಲೆ ಬಂದಳು.

ಅಷ್ಟರಲ್ಲಿ ಅಡುಗೆಯವರಲ್ಲೊಬ್ಬರು ನೆಂದ ಗೋಣಿ ಹೊದ್ದು ಹೋಗಿ ಸಿಲಿಂಡರಿನ ತಿರುಗಣೆ ಮುಚ್ಚಿದ್ದರು. ಬೆಂಕಿ ಆರಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಇಬ್ಬರನ್ನು ಮಾತ್ರ ತಾಳವಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಸಂಜೆಗೆ ಬಂದರು. ಅವ್ವನ ಹಿಮ್ಮಡಿ ಸೀಳಿ, ಪಾದ ಊದಿತ್ತು. ಯಾರೋ ಅರಿಶಿನ ತೇಯ್ದು ತಂದು ಗಾಯಕ್ಕೆ ಕಟ್ಟಿದರು.

ಜೀವ ತಿರುಗಿ ಬಂದ ಮೇಲೆ ಜನಕ್ಕೆ ಬಾಯಿ ಬರುತ್ತದೆ. "ಇವ್ನ್ ಬಾಗ್ಲು ಕಣ ನಮ್ಮೆಣ್ಣೈಕ್ಳ ಉಳ್ಸುದ್ದು" ಎಂದು ಯಜಮಾನರು ನನ್ನ ಬೆನ್ನು ಸವರಿದರು. ಹೊಸ್ತಿಲಿಗೆ ಶಾಂತಿ ಮಾಡಿಸಬೇಕೆಂಬ ಮಾತೂ ಬಂತು. ನಾನು ಸೀಳಿದ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ತೂತಿನ ಸುತ್ತ ಹಳದಿ ಬಣ್ಣದ ಗಟ್ಟಿ ಗಾರೆ. ಮೈಯೆಲ್ಲ ಉರಿದುಹೋಯಿತು. "ಯಾವ ಮನೆಹಾಳ ಈ ತೂತ ಮುಚ್ದೋನು?" ಎಂದು ಎಲ್ಲರೆದುರಿಗೆ ಕೂಗಾಡಿದೆ. "ಕೈಗ ಸಿಕ್ಕಲಿ, ಅವ್ನ ಕೈ ಮುರೀತೀನಿ!" ಅವ್ವ ಹೊಂಗೆಮರದ ಕೆಳಗೆ ಕಾಲು ಚಾಚಿ ಕೂತು, ನನ್ನ ಕಡೆಯೇ ನೋಡುತ್ತಿದ್ದಳು.

ಸಂಜೆ ಮನೆಯಲ್ಲಿ ಅವಳಿಗೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ. ಆಡಿದ ಮಾತುಗಳಿಗೆ ತಪ್ಪಾಯಿತು ಅನ್ನಬೇಕೆಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಲೋಟ ಕೆಳಗಿಟ್ಟಳು.

"ಮುಚ್ದೋಳು ನಾನೇ ಕಣ ಮಗ."

ನಾನು ಅವಳ ಮುಖ ನೋಡಿದೆ.

"ಸರಳ ಸುತ್ತ ಸಂದು ಉಳ್ದಿತ್ತು. ನಿನ್ ಕೆಲ್ಸ ಎಲ್ಲಾ ನ್ಯಾರವಾಗಿದ್ದು ಅದೊಂದ್ ಜಾಗ ಕಣ್ಗ ಒಡಿತಿತ್ತು. ಮದ್ವಗ ಬಂದ ನೆಂಟ್ರು ನೋಡಿ ಆಡ್ಕಂಡಾರು, ಕೊಯಮತ್ತೂರ್ಲಿ ಕಲ್ತು ಬಂದೋನು ಒಂದ್ ತೂತ ಸರ್ಯಾಗಿ ಕೊರಿನಾರ ಅಂದಾರು ಅಂತ... ಸೋಮಾರ ಸೋಮಾರ ಸಾರ್ಸಾಗ ಈಟೀಟೇ ಮುಚ್ತಿದ್ದಿ. ಅರ್ಶ್ಣ, ರಂಗೋಲಿ ಪುಡಿ, ಅಲಸ್ನಣ್ಣಿನ ಅಂಟು. ಮಡ್ಕ ಸೋರುದ್ರ ಅಂಗೇ ತಾನೇ ಮುಚ್ಚದು?" ಕಾಲಿನ ಕಟ್ಟನ್ನು ಮುಟ್ಟಿ ನೋಡಿಕೊಂಡು ಅಂದಳು, "ಆ ಸಂದು ಬೇಕು ಅಂತ ನನ್ಗ ಒಂದ್ ಮಾತ ಯೋಳ್ಬಾರ್ದಾಗಿತ್ತಾ?"

ನನಗೆ ಅಳು ಬಂತು. ಅವಳೆದುರಿಗೇ ಅತ್ತೆ, ಮುಚ್ಚಿಡಲಿಲ್ಲ. ಇಪ್ಪತ್ತು ಗಂಡಸರಿಗೆ ಸೊಂಟ ತಿರುಗಿಸಿ ತಿರುಗಿಸಿ ತೋರಿಸಿದ್ದೆ. ಆ ಹೊಸ್ತಿಲನ್ನು ವಾರವಾರ ಮುಟ್ಟುವ ಒಬ್ಬಳೇ ಒಬ್ಬಳನ್ನು ಧೂಳು ಎಬ್ಬಿಸಬೇಡವೆಂದು ಹಿಂದಕ್ಕೆ ಕಳಿಸಿದ್ದೆ. ಮನೆಹಾಳ ಯಾರು ಎಂದು ಊರೆದುರಿಗೆ ಕೇಳಿದ್ದೆನಲ್ಲ, ಉತ್ತರ ಮನೆಯಲ್ಲೇ ಸಿಕ್ಕಿತು. ಅದು ಅವಳಾಗಿರಲಿಲ್ಲ.

ಮರುದಿನ ಒಡೆದ ಹಲಗೆಯನ್ನು ಕಿತ್ತೆ. ತೂತಿನ ಒಂದು ಬದಿಗೆ ಆ ಹಳದಿ ಗಾರೆ ಇನ್ನೂ ಕಚ್ಚಿಕೊಂಡಿತ್ತು. ಉಳಿ ಹಾಕಿ ಎಬ್ಬಿಸಿದರೆ ಇಡೀ ತುಂಡೇ ಎದ್ದು ಬಂತು. ಒಳಬದಿಯಲ್ಲಿ ಸರಳಿನ ಅಚ್ಚು. ಮೇಲ್ಭಾಗದಲ್ಲಿ, ನೀಟಾಗಿರಲೆಂದು ಒತ್ತಿ ಸವರಿದ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ. ಅದನ್ನು ಎಸೆಯಲು ಮನಸ್ಸಾಗಲಿಲ್ಲ. ಅಂಗಡಿಯ ಗೂಡಿನಲ್ಲಿ, ಆ ಲೋಹದ ಬಟ್ಟಲು ಬಿದ್ದಿದ್ದ ಜಾಗದಲ್ಲೇ ಇಟ್ಟಿದ್ದೇನೆ. ಬಟ್ಟಲು ಈಗ ಸಿಮೆಂಟಿನ ನೆಲದಲ್ಲಿ ತಾನಿರಬೇಕಾದ ಕಡೆ ಇದೆ. ಹೊಸ್ತಿಲು ಬೇಕೇಬೇಕೆಂದು ಈ ಸಲ ಯಾರೂ ಅನ್ನಲಿಲ್ಲ. ನೆಲದ ಮೇಲೆ ಎರಡೆಳೆ ರಂಗೋಲಿ ಎಳೆದರೆ ಸಾಕೆಂದು ಯಜಮಾನರೇ ಒಪ್ಪಿದರು.

ಬಾಗಿಲು ಮತ್ತೆ ನಿಂತ ದಿನ ಹಿರಿಯರನ್ನು ಕರೆಯಲಿಲ್ಲ. ಅವ್ವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದೆ. ಅವಳು ಕುಂಟುತ್ತ ಬಂದು ಬಾಗಿಲ ಮುಂದೆ ನಿಂತಳು. ಸರಳು ತೋರಿಸಿದೆ, ನೆಲದ ತೂತು ತೋರಿಸಿದೆ, ಅದು ಯಾಕೆ ಖಾಲಿಯಾಗಿಯೇ ಇರಬೇಕು ಎಂದು ಹೇಳಿದೆ. ಆಮೇಲೆ ಅವಳ ಕೈ ಹಿಡಿದು ಅಡ್ಡಪಟ್ಟಿಯ ಮೇಲೆ ಇಟ್ಟೆ. ಅವಳು ಹೆದರಿ ಹೆದರಿ ಒಂದು ಬೆರಳಲ್ಲಿ ಒತ್ತಿದಳು. ಮೇಲಿನದೂ ಬಿಟ್ಟಿತು, ಕೆಳಗಿನದೂ ಬಿಟ್ಟಿತು. ಬಾಗಿಲು ತಾನಾಗಿಯೇ ಕಾಡಿನ ಕಡೆಗೆ ತೆರೆದುಕೊಂಡಿತು.

ಅವಳು ಒಮ್ಮೆ ತನ್ನ ಬೆರಳು ನೋಡಿಕೊಂಡಳು, ಒಮ್ಮೆ ಕಟ್ಟು ಹಾಕಿದ ಕಾಲು ನೋಡಿಕೊಂಡಳು.

"ಇಷ್ಟೇಯಾ ಮಗ?" ಅಂದಳು.

"ಇಷ್ಟೇ ಕಣವ್ವ" ಅಂದೆ.